ಮುಕ್ಕಟ್ಟು

ನಮ್ಮ ಊರಿನಲ್ಲಿ ಶುಕ್ರವಾರ ಹೊತ್ತು ಮುಳುಗಿದ ಮೇಲೆ ಬೆಂಕಿ ಹೊತ್ತುವುದಿಲ್ಲ. ಮರುದಿನ ಸಂಜೆ ಆಕಾಶದಲ್ಲಿ ಮೂರು ಚುಕ್ಕಿ ಮೂಡುವವರೆಗೆ ಕಡ್ಡಿ ಗೀರಿದರೆ ಗೀರಿದ ಸದ್ದಷ್ಟೇ ಬರುತ್ತದೆ. ಅದಕ್ಕೆ ಮೊದಲೇ ಉರಿಯುತ್ತಿದ್ದದ್ದು ತನ್ನಲ್ಲಿರುವ ಎಣ್ಣೆಯೋ ಕಟ್ಟಿಗೆಯೋ ತೀರುವವರೆಗೆ ಉರಿಯುತ್ತದೆ, ಆರಿದರೆ ಆರಿತು. ಇದನ್ನು ನಾವು ಕಟ್ಟು ಎನ್ನುತ್ತೇವೆ. ಕಟ್ಟು ಬಿತ್ತು, ಕಟ್ಟು ಬಿಚ್ಚಿತು ಎಂಬುದು ನಮ್ಮೂರಿನ ಮಕ್ಕಳು ಕಲಿಯುವ ಮೊದಲ ಮಾತುಗಳಲ್ಲಿ ಸೇರಿದೆ. ಇದು ನಮ್ಮ ಮೂವತ್ತು ಯಹೂದಿ ಮನೆಗಳಿಗೆ ಮಾತ್ರ ಬಿದ್ದ ಕಟ್ಟಲ್ಲ. ಲಿಂಗಾಯತರ ಓಣಿಗೂ ಮುಸಲ್ಮಾನರ ಓಣಿಗೂ ಕುಂಬಾರರ ಭಟ್ಟಿಗೂ ಒಂದೇ. ಕರೆಂಟಿನ ಕಂಬಗಳು ಹೊಳೆಯ ಆಚೆ ದಂಡೆಯಲ್ಲೇ ನಿಂತುಬಿಟ್ಟಿವೆ, ಈಚೆಗೆ ದಾಟಿಲ್ಲ.

ಊರು ಇದಕ್ಕೆ ಒಗ್ಗಿಹೋಗಿದೆ. ಗದಿಗೆಪ್ಪ ಶುಕ್ರವಾರ ನಾಲ್ಕಕ್ಕೇ ದೊಡ್ಡ ಹಂಡೆಯಲ್ಲಿ ಚಹಾ ಕುದಿಸಿ ಗೋಣಿಚೀಲ ಸುತ್ತಿಡುತ್ತಾನೆ; ಶನಿವಾರದ ಚಹಾಕ್ಕೆ ಚೀಲದ ವಾಸನೆ ಇರುತ್ತದೆ, ನಮಗೆ ಅದೇ ರುಚಿ. ಬೀಡಿ ಸೇದುವವರು ಆ ದಿನ ಅಡಿಕೆ ಅಗಿಯುತ್ತಾರೆ. ಹೆಣ ಸುಡುವ ಪದ್ಧತಿಯ ಮನೆಗಳಲ್ಲಿ ಯಾರಾದರೂ ಶನಿವಾರ ಬೆಳಗ್ಗೆ ಸತ್ತರೆ ಸಂಜೆಯವರೆಗೆ ಕಾಯುತ್ತಾರೆ. ಒಮ್ಮೆ ಹೊರಗಿನಿಂದ ಬಂದ ಸಾಹೇಬರೊಬ್ಬರು ಶನಿವಾರವೇ ಶಾಲೆಯ ಸಮಾರಂಭ ಇಟ್ಟುಕೊಂಡು, ದೀಪ ಬೆಳಗಲು ಹೋಗಿ ಮೂರು ಕಡ್ಡಿಪೆಟ್ಟಿಗೆ ಖಾಲಿ ಮಾಡಿದರು. ಹೆಡ್ ಮಾಸ್ತರರು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ದೀಪಕ್ಕೆ ಕೈಮುಗಿದು ಕೂತರು.

ನಮ್ಮ ದೊಡ್ಡ ಹಬ್ಬಗಳಲ್ಲೂ ಕಟ್ಟು ಬೀಳುತ್ತದೆ. ಅದು ಸ್ವಲ್ಪ ಸಡಿಲ. ಹೊಸದಾಗಿ ಬೆಂಕಿ ಹುಟ್ಟುವುದಿಲ್ಲ, ಆದರೆ ಉರಿಯುವ ಬೆಂಕಿಯಿಂದ ಇನ್ನೊಂದನ್ನು ಹೊತ್ತಿಸಬಹುದು. ಶನಿವಾರದ ಕಟ್ಟಿನಲ್ಲಿ ಅದೂ ಇಲ್ಲ. ಉರಿಯುವ ಒಲೆಗೆ ಹೊಸ ಕೊಳ್ಳಿ ಇಟ್ಟರೆ ಕೊಳ್ಳಿ ತಣ್ಣಗೆ ಮಲಗಿರುತ್ತದೆ. ಎರಡು ದಿನದ ಹೊಸ ವರ್ಷದ ಹಬ್ಬ ಗುರುವಾರ, ಶುಕ್ರವಾರ ಬಂದು ಅದರ ಬೆನ್ನಿಗೇ ಶಬ್ಬತ್, ಅಂದರೆ ನಮ್ಮ ಶನಿವಾರದ ವಿಶ್ರಾಂತಿಯ ದಿನ, ಬಂದರೆ ಅದಕ್ಕೆ ಮುಕ್ಕಟ್ಟು ಎಂದು ಹೆಸರು. ಆ ಹೆಸರು ಕೇಳಿದರೆ ಹೆಂಗಸರು ಒಮ್ಮೆ ಒಲೆಯ ಕಡೆ ನೋಡುತ್ತಾರೆ.

ಹೀಗಾಗಿ ನಮ್ಮೂರಿನ ಎಲ್ಲ ಮನೆಗಳ ಗೋಡೆಯಲ್ಲೂ ಎರಡು ಕ್ಯಾಲೆಂಡರು. ಒಂದು ಸರಕಾರದ್ದು; ಶಾಲೆ, ಸಂತೆ, ಪರೀಕ್ಷೆ, ಕಚೇರಿ ಎಲ್ಲ ಅದರಂತೆ. ಇನ್ನೊಂದು ನಮ್ಮದು; ಚಂದ್ರನ ಹಿಂದೆ ನಡೆಯುವುದು, ಕೆಲವು ವರ್ಷ ಹದಿಮೂರನೆಯ ತಿಂಗಳನ್ನೂ ಸೇರಿಸಿಕೊಳ್ಳುವುದು. ಎರಡನ್ನೂ ತಾಳೆ ನೋಡಿ, ಯಾವ ತಾರೀಖು ಎಷ್ಟು ಹೊತ್ತಿಗೆ ಕಟ್ಟು ಬೀಳುತ್ತದೆ ಎಂದು ಹೊಂದಿಕೆ ಪಟ್ಟಿ ಬರೆದು ಬಾಗಿಲು ಬಾಗಿಲಿಗೆ ಅಂಟಿಸುವುದು ನಮ್ಮ ಮನೆತನದ ಕೆಲಸ. ನಲವತ್ತು ವರ್ಷ ಅದನ್ನು ನನ್ನ ಹಸ್ಸಾಜಿ ಕಾಕಾ ಮಾಡಿದ. ಅವನ ಕಣ್ಣು ಮಂಜಾದ ವರ್ಷ ಅದು ನನ್ನ ಕೈಗೆ ಬಂತು. ನನ್ನ ಹೆಸರು ಸಿಪ್ಪೋರಾ; ಊರಿನ ಬಾಯಲ್ಲಿ ಸಿಪ್ಪಕ್ಕ.

ಕಾಕಾ ನನಗೆ ಹೇಳಿಕೊಟ್ಟದ್ದು ಒಂದೇ ಪಾಠ. ಸರಕಾರದ ದಿನ ನಡುರಾತ್ರಿ ಹುಟ್ಟುತ್ತದೆ, ನಮ್ಮ ದಿನ ಹೊತ್ತು ಮುಳುಗಿದಾಗ ಹುಟ್ಟುತ್ತದೆ. ಹಬ್ಬ ಗುರುವಾರ ಎಂದಿದ್ದರೆ ಪಟ್ಟಿಯಲ್ಲಿ ಬುಧವಾರ ಸಂಜೆ ಎಂದು ಬರೆಯಬೇಕು. ಇಷ್ಟೇ. ನಾನು ಬರೆದ ಮೊದಲನೆಯ ಪಟ್ಟಿಯಲ್ಲಿ ಐವತ್ತಕ್ಕೂ ಹೆಚ್ಚು ಸಾಲುಗಳಿದ್ದವು. ಒಂದು ಸಾಲು ಬಿಟ್ಟು ಎಲ್ಲವೂ ಸರಿಯಾಗಿದ್ದವು.

ಆ ವರ್ಷ ಮುಕ್ಕಟ್ಟು ಬಂದಿತ್ತು. ಬುಧವಾರ ಮಧ್ಯಾಹ್ನ ಮೂರೂವರೆಗೆ ನಾನು ಒಲೆ ಸಾರಿಸುತ್ತಿದ್ದೆ. ಮುಕ್ಕಟ್ಟಿನ ಹಿಂದಿನ ದಿನ ಊರಿನವರೆಲ್ಲ ಒಲೆ ಆರಿಸಿ, ಬೂದಿ ತೆಗೆದು, ಮಣ್ಣು ಮೆತ್ತಿ ಒಣಗಲು ಬಿಡುವುದು ರೂಢಿ. ಮರುದಿನ ಹೊಸ ಒಲೆಯಲ್ಲಿ ಬೆಂಕಿ ಹೂಡಿ ಮೂರು ದಿನ ಕಾಯುತ್ತಾರೆ. ಕಾಕಾ ಕಟ್ಟೆಯ ಮೇಲೆ ಕೂತಿದ್ದವನು ಒಳಗೆ ಮುಖ ಮಾಡಿ ಕೇಳಿದ:

"ಸಿಪ್ಪಾ, ದೀಪಕ್ಕ ಎಣ್ಣಿ ಹಾಕಿದೇನವಾ?"

"ನಾಳೆ ಹಾಕ್ತೀನಿ ಕಾಕಾ. ಕಟ್ಟು ಬೀಳೂದು ನಾಳೆ ಸಂಜಿಗೆ."

ಅವನು ಬೆರಳು ಮಡಿಚಿದ.

"ನಿನ್ನೆ ಲಿಂಗಾಯತರ ಓಣ್ಯಾಗ ಹಿರೇರ ಹಬ್ಬ ಮಾಡಿದ್ರು. ನಿನ್ನೆ ಅಮಾಸಿ. ಇವತ್ತ ಸಂಜಿಗೆ ನಮ್ಮ ಚಂದ್ರ ಹುಟ್ಟತಾನ. ನಾಳೆ ಸಂಜಿ ಅಂದ್ರ ಹೆಂಗ?"

ನಾನು ನಕ್ಕೆ. ಮುದುಕನಾದ, ಎಣಿಕೆ ತಪ್ಪುತ್ತಿದೆ ಎಂದುಕೊಂಡೆ. ಮಣ್ಣಿನ ಕೈ ಒರೆಸಿಕೊಂಡು, ಅವನ ಸಮಾಧಾನಕ್ಕೆಂದೇ ಗೋಡೆಯ ಹತ್ತಿರ ಹೋದೆ. ನಮ್ಮ ಕ್ಯಾಲೆಂಡರಿನಲ್ಲಿ ಹೊಸ ವರ್ಷ ಗುರುವಾರ ಎಂದಿತ್ತು. ಪಕ್ಕದಲ್ಲಿ ನನ್ನದೇ ಅಕ್ಷರ: ಗುರುವಾರ ಸಂಜೆ, ಆರು ಗಂಟೆ ಇಪ್ಪತ್ತು ನಿಮಿಷ. ಎರಡನ್ನೂ ಮೂರು ಸಲ ಓದಿದೆ. ನಾಲ್ಕು ನೂರು ಬಾಗಿಲಿಗೆ ನಾನೇ ಅಂಟಿಸಿದ್ದೆ. ಆ ಗಳಿಗೆಯಲ್ಲಿ ನನ್ನ ಮಾತು ನಂಬಿ ನಾಲ್ಕು ನೂರು ಮನೆಗಳಲ್ಲಿ ಒಲೆ ತಣ್ಣಗಿತ್ತು.

"ಕಾಕಾ," ಎಂದೆ. ಅವನಿಗೆ ಅಷ್ಟೇ ಸಾಕಾಯಿತು.

"ಕೊಂಬು ತಾ," ಎಂದ.

ಹೊಸ ವರ್ಷದ ಬೆಳಗ್ಗೆ ಪ್ರಾರ್ಥನಾಮಂದಿರದಲ್ಲಿ ಊದುವ ಟಗರಿನ ಕೊಂಬು ಅದು. ಹಬ್ಬದ ಹಿಂದಿನ ದಿನ ಅದನ್ನು ಊದುವುದಿಲ್ಲ. ಊದಬಾರದು ಎಂದೇ ಪದ್ಧತಿ. ಕಾಕಾ ತನ್ನ ಜೀವಮಾನದಲ್ಲಿ ಆ ಪದ್ಧತಿ ಮುರಿದವನಲ್ಲ. ಅವನನ್ನು ಮಾಳಿಗೆ ಹತ್ತಿಸಿದೆ. ಮೊದಲ ಊದಿಗೆ ಉಸಿರಷ್ಟೇ ಬಂತು. ಎರಡನೆಯದಕ್ಕೆ ಓಣಿಯ ನಾಯಿಗಳೆಲ್ಲ ಬೊಗಳಿದವು. ಊದಬಾರದ ದಿನ ಕೊಂಬು ಕೇಳಿದವರು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹೊರಗೆ ಬಂದರು. ನಾನು ಓಣಿ ಓಣಿ ಓಡಿದೆ. ಇವತ್ತೇ, ಇವತ್ತೇ ಸಂಜೆ, ಪಟ್ಟಿ ತಪ್ಪಿದೆ, ನಾನೇ ತಪ್ಪು ಬರೆದಿದ್ದೇನೆ ಎಂದು ಕೂಗಿದೆ. ಗದಿಗೆಪ್ಪನ ಹೋಟೆಲಿನ ಮುಂದೆ ಯಾರೋ ಹೆಂಗಸು ನನಗೆ ಬೈದಳು. ಗದಿಗೆಪ್ಪ ಅವಳನ್ನೇ ಗದರಿದ: "ಬೈಯೂದು ಆಮ್ಯಾಲ ಬೈ, ಈಗ ಕಟ್ಟಿಗಿ ತಗೀ!"

ಹಸಿ ಒಲೆಗಳಲ್ಲೇ ಬೆಂಕಿ ಹೂಡಿದರು. ನಾಲ್ಕೂಮುಕ್ಕಾಲಿನ ಹೊತ್ತಿಗೆ ಊರ ಮೇಲೆಲ್ಲ ಹೊಗೆ ನಿಂತಿತ್ತು. ನಾನು ಕುಂಬಾರರ ಭಟ್ಟಿಯ ಹತ್ತಿರ ಉಸಿರು ಬಿಡುತ್ತಾ ಕೂತಿದ್ದೆ. ಬದುಕಿದೆವು ಎಂದುಕೊಳ್ಳುವಷ್ಟರಲ್ಲಿ ಸೂಲಗಿತ್ತಿ ಹುಸೇನಬಿ ಬಂದಳು. ಊರಿನ ಅರ್ಧ ಮಕ್ಕಳ ಹೊಕ್ಕುಳ ಕೊಯ್ದವಳು ಅವಳು. ಅವಳ ಮುಖ ನೋಡಿ ಎದ್ದು ನಿಂತೆ.

"ಸಿಪ್ಪಾ, ಗುಡ್ಡದಾಚಿ ಕೊಂಬು ಕೇಳಂಗಿಲ್ಲ."

ಗುಡ್ಡದಾಚೆ ಇದ್ದದ್ದು ಒಂದೇ ಮನೆ. ಕಲ್ಲು ಒಡೆಯುವ ದುರಗಪ್ಪ, ಅವನ ಹೆಂಡತಿ ಬಾಲವ್ವ. ಮಳೆಗಾಲದ ಮೊದಲು ನಮ್ಮ ಕಡೆ ಬಂದವರು. ಬಾಲವ್ವ ಎಂಟು ತಿಂಗಳಿಗೇ ಹೆತ್ತು ಹನ್ನೊಂದು ದಿನವಾಗಿತ್ತು. ಕೂಸು ಒಂದು ಕೋಳಿಯಷ್ಟೂ ತೂಗುವುದಿಲ್ಲ ಎಂದು ಹುಸೇನಬಿಯೇ ಹೇಳಿದ್ದಳು. ಬಾಣಂತಿ ಕೋಣೆಯಲ್ಲಿ ಹಗಲೂ ರಾತ್ರಿ ಬೆಂಕಿ ಇಡಲು ಹೇಳಿ ಬಂದಿದ್ದಳು.

"ಮೊನ್ನೆ ನಾನ ಹೇಳೇನಿ," ಎಂದಳು. "ಬುಧವಾರ ಮಧ್ಯಾಹ್ನ ಒಂದೆರಡು ತಾಸು ಬೆಂಕಿ ಆರಿಸಿ ಒಲಿ ಸಾರಿಸಿಕೊಳ್ರಿ, ಸಂಜೀಗೆ ಮತ್ತ ಹಚ್ಚರಿ ಅಂತ. ಅವರು ಸಂಜಿ ಅಂದ್ರ ಎಷ್ಟೊತ್ತಿಗೆ ಹಚ್ಚತಾರೋ! ಕಡ್ಡಿ ಹತ್ತಲಿಲ್ಲಂದ್ರ ಆ ಕೂಸು ಉಳಿಯಂಗಿಲ್ಲವಾ."

ಗುಡ್ಡ ಹತ್ತಿ ಇಳಿಯಲು ಎರಡು ತಾಸು ಬೇಕು. ಹೊತ್ತು ಮುಳುಗಲು ಉಳಿದದ್ದು ಒಂದೂವರೆ. ಕುಂಬಾರರು ಭಟ್ಟಿಯಿಂದ ಕೆಂಡ ತೆಗೆದು ಗಡಿಗೆಗೆ ತುಂಬಿ, ಮೇಲೆ ಬೂದಿ ಮುಚ್ಚಿ ಕೊಟ್ಟರು. ನಾನು ಗಡಿಗೆಯನ್ನು ಚೀಲದಲ್ಲಿ ಸುತ್ತಿ ಎದೆಗೆ ಅವಚಿಕೊಂಡೆ. ಹುಸೇನಬಿ ಕಂದೀಲು ಹಿಡಿದಳು. ನೆತ್ತಿ ಮುಟ್ಟುವ ಮೊದಲೇ ಉತ್ತರಿ ಮಳೆ ಅಡ್ಡಡ್ಡ ಹೊಡೆಯತೊಡಗಿತು. ಕಂದೀಲು ಆರಿತು. ಕೆಂಡಕ್ಕೆ ಗಾಳಿ ಬೇಕು, ಆದರೆ ಮುಚ್ಚಳ ತೆಗೆದರೆ ನೀರು. ನೆತ್ತಿಯ ಮೇಲೆ ನಿಂತಾಗ ಪಡುವಣದಲ್ಲಿ ಮೋಡದ ಅಂಚು ಕೆಂಪಾಗಿ, ಹಾಗೇ ಬೂದುಬಣ್ಣಕ್ಕೆ ತಿರುಗಿತು. ಕಟ್ಟು ಬಿತ್ತು. ಇನ್ನು ನನ್ನ ಎದೆಯ ಮೇಲಿನ ಗಡಿಗೆ ಬಿಟ್ಟರೆ ಆ ಮನೆಗೆ ಬೇರೆ ಬೆಂಕಿ ಇಲ್ಲ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಜಾರುತ್ತಿತ್ತು. ಗಡಿಗೆಯ ಬಿಸಿ ಕಡಿಮೆಯಾಗುತ್ತಿರುವುದು ಕುಪ್ಪಸದ ಮೂಲಕ ನನಗೆ ತಿಳಿಯುತ್ತಿತ್ತು.

ನಾವು ಒಳಗೆ ಕಾಲಿಟ್ಟಾಗ ದುರಗಪ್ಪ ಒಲೆಯ ಮುಂದೆ ಮೊಣಕಾಲೂರಿ ಕಡ್ಡಿ ಗೀರುತ್ತಿದ್ದ. ಅವನ ಸುತ್ತ ನೆಲದ ತುಂಬ ಕಪ್ಪಾಗದ ಕಡ್ಡಿಗಳು. ಅವನು ಶನಿವಾರದ ಕಟ್ಟು ಬಲ್ಲವನು, ಹೀಗೆ ಹೇಳದೆ ಬಿದ್ದ ಕಟ್ಟು ಕಂಡವನಲ್ಲ.

"ಹತ್ತವಲ್ಲದವ್ವಾ," ಎಂದ. ಮಗುವಿನಂತೆ ಕಡ್ಡಿಪೆಟ್ಟಿಗೆಯನ್ನು ನನ್ನ ಕಡೆ ಚಾಚಿದ. "ಒಂದೂ ಹತ್ತವಲ್ಲದು."

ಮೂಲೆಯಲ್ಲಿ ಬಾಲವ್ವ ಕೂಸನ್ನು ಸೀರೆಯೊಳಗೆ ಅಡಗಿಸಿಕೊಂಡು ನಡುಗುತ್ತಿದ್ದಳು. ನಾನು ಬೂದಿ ಸರಿಸಿದೆ. ಕೆಂಡಗಳೆಲ್ಲ ಕರಿ. ಕೈ ಹಾಕಿ ತಡಕಿದೆ. ತಳದಲ್ಲಿ ಒಂದು ನನ್ನ ಬೆರಳು ಸುಟ್ಟಿತು. ಅದನ್ನು ಅಂಗೈಯಲ್ಲೇ ತೆಗೆದೆ, ಕಡಲೆಯಷ್ಟು ಕೆಂಪು. ಬಾಲವ್ವ ಕೂತಲ್ಲಿಂದಲೇ ಕಸಬರಿಗೆ ಎಳೆದು, ಕಡ್ಡಿ ಕಿತ್ತು ಕೊಟ್ಟಳು. ಹುಸೇನಬಿ ಊದಿದಳು. ಎಷ್ಟು ಹೊತ್ತು ಊದಿದಳೋ. ಹೊಗೆ ಬಂತು, ಆಮೇಲೆ ನೂಲಿನಷ್ಟು ಉರಿ.

ಆ ಬೆಂಕಿಯ ಬೆಳಕಿನಲ್ಲಿ ದುರಗಪ್ಪ ಹೇಳಿದ: "ತಪ್ಪು ನಂದವ್ವಾ. ನನಗ ಓದಾಕ ಬರೂದಿಲ್ಲ. ಗುರುವಾರ ಅಂತ ಯಾರೋ ಓದಿ ಹೇಳಿದ್ರು, ನಾ ತಪ್ಪು ಕೇಳಿರಬೇಕು."

ಹುಸೇನಬಿ ನನ್ನ ಕಡೆ ನೋಡಿದಳು. ನಾನು ಬೆಂಕಿಯ ಕಡೆ ನೋಡಿದೆ. ಊರ ತುಂಬ ಕೂಗಿದ ಮಾತು ಆ ಕೋಣೆಯಲ್ಲಿ ನನ್ನ ಬಾಯಿಗೆ ಬರಲಿಲ್ಲ.

ಗುರುವಾರವೂ ಶುಕ್ರವಾರವೂ ನಾವು ಅಲ್ಲೇ ಉಳಿದೆವು. ಬಾಲವ್ವನಿಗೆ ಜ್ವರ, ಆ ಗಾಳಿಯಲ್ಲಿ ಕೂಸನ್ನು ಹೊರಗೆ ತರುವಂತಿರಲಿಲ್ಲ. ಹಬ್ಬದ ಕಟ್ಟಾದ್ದರಿಂದ ಇದ್ದ ಬೆಂಕಿಗೆ ಕಟ್ಟಿಗೆ ಹಾಕುತ್ತಾ ಕಾಯ್ದೆವು. ನನಗೆ ಹೆದರಿಕೆ ಇದ್ದದ್ದು ಶುಕ್ರವಾರ ಸಂಜೆಯದು. ದುರಗಪ್ಪ ಹೊಳೆಯಾಚೆಯ ಮರ ಕೊಯ್ಯುವ ಅಡ್ಡೆಗೆ ಹೋಗಿ ಎರಡು ಚೀಲ ಮರದ ಹೊಟ್ಟು ತಂದ. ಹೊಟ್ಟನ್ನು ಗುದ್ದಿ ಗುದ್ದಿ ತುಂಬಿದ ಒಲೆ ನಿಧಾನ ಉರಿದು ಒಂದು ದಿನ ಬರುತ್ತದೆ. ಹೊತ್ತು ಮುಳುಗುವ ಮೊದಲೇ ಅದನ್ನು ಹೊತ್ತಿಸಿದೆವು. ಶನಿವಾರ ಬೆಳಗ್ಗೆ ಅದು ಚೆನ್ನಾಗಿ ಉರಿಯುತ್ತಿತ್ತು. ಕೂಸು ಹಾಲು ಚೀಪಿತು. ಹುಸೇನಬಿ ಮೊದಲ ಸಲ ಕಾಲು ಚಾಚಿ ಕೂತಳು.

ಹತ್ತು ಗಂಟೆಗೆ ಮಳೆ ಜೋರಾಯಿತು. ಗಾಳಿ ಚಾವಣಿಯ ತಗಡೊಂದನ್ನು ಮೇಲೆತ್ತಿತು. ನೀರು ಧಾರೆಯಾಗಿ ನೇರ ಒಲೆಯ ಬಾಯಿಗೆ ಸುರಿಯಿತು. ದುರಗಪ್ಪ ಮೇಲೆ ಹತ್ತಿ ತಗಡಿಗೆ ಕಲ್ಲು ಹೇರುವಷ್ಟರಲ್ಲಿ ಒಲೆಯಲ್ಲಿ ಬರಿಯ ಕರಿ ಅಂಬಲಿ.

ಮೂರು ಚುಕ್ಕಿಗೆ ಇನ್ನೂ ಎಂಟೂವರೆ ತಾಸು. ನಮ್ಮ ಕಟ್ಟಳೆಗೆ ದಯೆಯಿದೆ. ಜೀವ ಹೋಗುವಂತಿದ್ದರೆ ಶಬ್ಬತ್ ಮುರಿಯಬಹುದು, ಮುರಿಯಲೇಬೇಕು ಎನ್ನುತ್ತದೆ. ಆದರೆ ನಮ್ಮೂರಿನ ಕಡ್ಡಿಗೆ ಆ ಮಾತು ಕೇಳಿಸುವುದಿಲ್ಲ.

"ಎದಿಗೆ ಹಾಕ್ಕೊಳ್ರಿ," ಎಂದಳು ಹುಸೇನಬಿ. "ನಡಕ ಅರಿವಿ ಬ್ಯಾಡ. ತೊಗಲಿಗೆ ತೊಗಲು ತಾಗಬೇಕು. ಒಬ್ಬರ ಮೈ ತಣ್ಣಗಾಗೂದ್ರೊಳಗ ಇನ್ನೊಬ್ಬರು."

ಬಾಲವ್ವನ ನಂತರ ಹುಸೇನಬಿ, ಅವಳ ನಂತರ ನಾನು. ದುರಗಪ್ಪ ಬಾಗಿಲಲ್ಲೇ ನಿಂತಿದ್ದ. ಒಲೆ ಹೊತ್ತಿಸಲು ಒಳಗೆ ಬಂದದ್ದು ಬೇರೆ, ಬಾಣಂತಿಯ ಮಗ್ಗುಲಿಗೆ ಗಂಡಸು ಬರಬಾರದು ಎಂದ. ಹುಸೇನಬಿ ಅವನಿಗೆ, "ನಿನ್ನ ಎದ್ಯಾಗ ಬಿಸಿ ಐತಿಲ್ಲೋ? ಬಾ ಒಳಗ," ಎಂದು ಅಂಗಿ ಬಿಚ್ಚಿಸಿದಳು. ಕಲ್ಲಿನ ಪುಡಿ ಮೆತ್ತಿದ ಆ ಅಗಲ ಎದೆಯ ಮೇಲೆ ಕೂಸು ಹಲ್ಲಿಯಂತೆ ಅಂಟಿಕೊಂಡಿತ್ತು. ಹೊರಗಿನಿಂದ ಎರಡು ಕೌದಿ.

ನನಗೆ ಮದುವೆಯಾಗಿಲ್ಲ. ಅಷ್ಟು ಸಣ್ಣ ಜೀವವನ್ನು ಮೈಗೆ ಹಚ್ಚಿಕೊಂಡವಳಲ್ಲ. ನನ್ನ ಸರದಿ ಬಂದಾಗ ಅದರ ಉಸಿರು ಎಣಿಸುತ್ತಿದ್ದೆ. ಎಣಿಸುವುದೊಂದೇ ನನಗೆ ಬರುವ ಕೆಲಸ. ಹತ್ತು ಉಸಿರು, ಒಂದು ತಡೆ. ಆಮೇಲೆ ಎಂಟು ಉಸಿರು, ಒಂದು ತಡೆ. ಮೂರು ಗಂಟೆಯ ಸುಮಾರಿಗೆ ಆರಕ್ಕೇ ತಡೆ ಬಂತು, ಮುಂದಿನದು ಬರಲೇ ಇಲ್ಲ. ನನ್ನ ಗಂಟಲಿನಿಂದ ಯಾವುದೋ ಪ್ರಾಣಿಯ ಸದ್ದು ಬಂತು. ಹುಸೇನಬಿ ಹಾರಿ ಬಂದು ಕೂಸಿನ ಅಂಗಾಲಿಗೆ ಬೆರಳಿನಿಂದ ಚಿಮ್ಮಿದಳು. ಒಂದು ಸಲ. ಇನ್ನೊಂದು ಸಲ. ಕೂಸು ಬಿಕ್ಕಳಿಸಿ ಉಸಿರೆಳೆಯಿತು.

ದುರಗಪ್ಪ ಗೋಡೆಗೆ ತಲೆ ಬಡಿದುಕೊಂಡ. "ಪಾಪಿ ನಾನು. ಕಿವಿ ನೆಟ್ಟಗಿದ್ರ ಇದು ಆಗತಿದ್ದಿಲ್ಲ."

ಆಗ ಹೇಳಿದೆ. ಹೇಳದೆ ಉಳಿಯಲು ಆಗಲಿಲ್ಲ.

"ನೀ ಸರಿಯಾಗೇ ಕೇಳೀದಿ, ದುರಗಪ್ಪ. ಪಟ್ಟ್ಯಾಗ ಗುರುವಾರ ಅಂತನ ಇತ್ತು. ತಪ್ಪು ಬರದಾಕಿ ನಾನು."

ಅವನು ನನ್ನನ್ನು ನೋಡಿದ. ಮೂರು ದಿನ ನಾನು ಅವನ ಮನೆಯ ರೊಟ್ಟಿ ತಿಂದಿದ್ದೆ. ಅವನು ಎದ್ದು ಬಂದು, "ಕೂಸು ಕೊಡು," ಎಂದ. ಅಷ್ಟೇ ಹೇಳಿದ್ದು. ನನ್ನ ಎದೆಯ ಮೇಲಿನಿಂದ ಅದನ್ನು ಎತ್ತಿಕೊಂಡು ತನ್ನದಕ್ಕೆ ಹಚ್ಚಿಕೊಂಡು, ನನಗೆ ಬೆನ್ನು ಮಾಡಿ ಕೂತ. ಕೋಣೆಯ ಗಾಳಿ ನನ್ನ ಬರಿಯ ಎದೆಗೆ ತಾಗಿತು. ಬಾಲವ್ವ ಕಣ್ಣು ಮುಚ್ಚಿಕೊಂಡಳು.

ಅರ್ಧ ತಾಸು ಹಾಗೇ ಹೋಯಿತು. ಬೆಳಗ್ಗೆ ತಗಡು ಸರಿಮಾಡಲು ಹೋಗಿ ನೆನೆದ ಅವನ ಧೋತರ ಇನ್ನೂ ಒಣಗಿರಲಿಲ್ಲ. ಮೊದಲು ಅವನ ಹೆಗಲು ನಡುಗಿತು, ಆಮೇಲೆ ಇಡೀ ಮೈ. ಬಾಲವ್ವನ ಜ್ವರ ಇಳಿದು ಅವಳು ಬೆವರಿನಲ್ಲಿ ತಣ್ಣಗಾಗಿದ್ದಳು. ಹುಸೇನಬಿ ನನಗಿಂತ ಮೊದಲಿನ ಸರದಿಯಿಂದಲೇ ಕೈಕಾಲು ಮರಗಟ್ಟಿ ಕೂತಿದ್ದಳು. ಬಿಸಿ ಇದ್ದವಳು ನಾನೊಬ್ಬಳೇ. ಅದು ಎಲ್ಲರಿಗೂ ಗೊತ್ತಿತ್ತು. ದುರಗಪ್ಪ ತಿರುಗಿದ. ನನ್ನ ಮುಖ ನೋಡದೆ ಕೂಸನ್ನು ಚಾಚಿದ. ನಾನು ತೆಗೆದುಕೊಂಡೆ.

ಸಂಜೆಯಾಯಿತು. ಮೋಡ ಹರಿಯಲಿಲ್ಲ. ಚುಕ್ಕಿ ನಮಗೆ ಕಾಣಬೇಕೆಂದೇನೂ ಇಲ್ಲ, ಮೋಡದ ಮೇಲೆ ಮೂಡಿದರೆ ಸಾಕು. ಆದರೆ ಮೂಡಿದೆಯೋ ಇಲ್ಲವೋ ಎಂದು ತಿಳಿಯಲು ಕಡ್ಡಿ ಗೀರುವುದೊಂದೇ ದಾರಿ. ಪೆಟ್ಟಿಗೆಯಲ್ಲಿ ಒಂಬತ್ತು ಕಡ್ಡಿ ಉಳಿದಿದ್ದವು. ಗೀರಿದ ಕಡ್ಡಿಯ ಮದ್ದು ಉದುರಿಹೋಗುತ್ತದೆ, ಮತ್ತೆ ಬರುವುದಿಲ್ಲ. ದುರಗಪ್ಪ ಒಂದು ಗೀರಿದ. ಸದ್ದಷ್ಟೇ. ಸ್ವಲ್ಪ ತಡೆದು ಇನ್ನೊಂದು. ಆರನೆಯದೂ ಹೊತ್ತದಾಗ ಅವನು ಪೆಟ್ಟಿಗೆ ಕೆಳಗಿಟ್ಟ.

"ನೀ ಹೇಳು," ಎಂದ. ನನಗೇ ಹೇಳಿದ್ದು. "ಇನ್ನ ಎಷ್ಟೊತ್ತು?"

ಲೆಕ್ಕದ ಪ್ರಕಾರ ಆಗಲೇ ಹೊತ್ತಾಗಿತ್ತು. ಆದರೆ ನನ್ನ ಲೆಕ್ಕದ ಮೇಲೆ ನನಗೇ ನಂಬಿಕೆ ಉಳಿದಿರಲಿಲ್ಲ. ಕೂಸಿನ ಉಸಿರು ಎಣಿಸಿದೆ. ನೂರು ಎಣಿಸಿದೆ, ಇನ್ನೂರು ಎಣಿಸಿದೆ.

"ಈಗ," ಎಂದೆ.

ಏಳನೆಯ ಕಡ್ಡಿ ಹೊತ್ತಿಕೊಂಡಿತು. ಆ ಬೆಳಕಿನಲ್ಲಿ ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಕೂಸು ಉಳಿಯಿತು. ರೇಣವ್ವ ಎಂದು ಹೆಸರಿಟ್ಟರು. ಪಟ್ಟಿ ಬರೆಯುವುದನ್ನು ಬಿಡುತ್ತೇನೆ ಎಂದು ನಾನು ಊರವರ ಮುಂದೆ ಹೇಳಿದಾಗ ಕಾಕಾ, "ಬಿಟ್ಟು ಯಾರಿಗೆ ಕೊಡತೀ? ಹೆದರಿಕಿ ಇಲ್ಲದಾಕಿಗೇನು?" ಎಂದ. ಬಿಡಲಿಲ್ಲ. ಕಾಕಾ ಈಗಿಲ್ಲ.

ದುರಗಪ್ಪ ಅಂದಿನಿಂದ ಪಟ್ಟಿ ನಂಬುವುದಿಲ್ಲ. ಅವನ ಬಾಗಿಲಿಗೆ ಅಂಟಿಸಿದ್ದನ್ನು ಓದಿಸಿಕೊಳ್ಳುವುದೂ ಇಲ್ಲ. ಪ್ರತಿ ದೊಡ್ಡ ಹಬ್ಬದ ಹಿಂದಿನ ದಿನ ಮಧ್ಯಾಹ್ನ ಗುಡ್ಡ ದಾಟಿ ನನ್ನ ಮನೆಗೆ ಬಂದು, "ಬಾಯಿಲೆ ಹೇಳವ್ವಾ," ಎಂದು ಎದುರಿಗೆ ನಿಲ್ಲುತ್ತಾನೆ. ನಾನು ಅವನ ಕಣ್ಣು ನೋಡಿ ಹೇಳಬೇಕು. ಹೇಳುತ್ತೇನೆ. ಚಹಾ ಕೊಟ್ಟರೆ ಕುಡಿಯುತ್ತಾನೆ, ಬೇರೆ ಮಾತಾಡುವುದಿಲ್ಲ.

ಈ ಸಲ ಮತ್ತೆ ಮುಕ್ಕಟ್ಟು ಬಂತು. ಬುಧವಾರ ರೇಣವ್ವ ಒಬ್ಬಳೇ ಬಂದಳು. ಒಂಬತ್ತು ತುಂಬಿದೆ, ಕಡ್ಡಿಯಂಥ ಕಾಲು, ದೊಡ್ಡ ಧ್ವನಿ.

"ಅಪ್ಪನ ಮೊಣಕಾಲು ನೋಯತೈತಂತ. ಇವತ್ತೋ ನಾಳೆಯೋ, ಎಷ್ಟಕ್ಕ ಅಂತ ಕೇಳ್ಕೊಂಡ ಬಾ ಅಂದಾನ ಸಿಪ್ಪತ್ತಿ."

"ಇವತ್ತ. ಆರೂ ಇಪ್ಪತ್ತಕ್ಕ," ಎಂದೆ.

"ಇವತ್ತ, ಆರೂ ಇಪ್ಪತ್ತು," ಎಂದು ಹಾಡಿಕೊಳ್ಳುತ್ತಾ ಅವಳು ಓಡಿದಳು. ಅವಳು ತಿರುವು ದಾಟಿದ ಮೇಲೆ ಒಳಗೆ ಹೋಗಿ ಎರಡೂ ಕ್ಯಾಲೆಂಡರು ಇಳಿಸಿ ಮತ್ತೆ ತಾಳೆ ನೋಡಿದೆ. ಸರಿಯಿತ್ತು. ಇನ್ನೊಮ್ಮೆ ನೋಡಿದೆ. ಆಮೇಲೆ ಕಡ್ಡಿಪೆಟ್ಟಿಗೆ ತೆಗೆದುಕೊಂಡು ಹೊರಗೆ ಕಟ್ಟೆಯ ಮೇಲೆ ಕೂತು ಗುಡ್ಡವನ್ನೇ ನೋಡುತ್ತಿದ್ದೆ. ಗುಡ್ಡದ ಹಿಂದಿನಿಂದ ತೆಳ್ಳಗೆ ಹೊಗೆ ಎದ್ದಿತು. ಹೊತ್ತು ಮುಳುಗಿತು. ಆರೂ ಇಪ್ಪತ್ತೊಂದಕ್ಕೆ ಒಂದು ಕಡ್ಡಿ ಗೀರಿದೆ. ಹೊತ್ತಲಿಲ್ಲ. ಎರಡನೆಯದನ್ನು ಗೀರಿದೆ, ಅದೂ ಹೊತ್ತಲಿಲ್ಲ. ಆಗ ಮಾತ್ರ ಉಸಿರು ಬಿಟ್ಟು ಒಳಗೆ ಹೋದೆ.